ರೈಟರ್ ಹುಳ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಅಂಗಳದಲ್ಲಿರುವ ಹುಂಜದ ಕತ್ತಿನ ಮೇಲೆ. ಯಜಮಾನರು ಕಾಲಿಗೆ ನೀರು ಕೊಟ್ಟು, ನಿಮ್ಮ ಕಡೆ ಮಳೆ ಹೇಗೆ, ಕಾಫಿ ಹೂವು ಹೇಗೆ ಎಂದು ವಿಚಾರಿಸುತ್ತಿದ್ದರೆ ನಾನು ಹೂಂಗುಟ್ಟುತ್ತಲೇ ಆ ಹುಂಜದ ಗರಿ ಕೆಂಪೋ, ಜೇನುಬಣ್ಣವೋ, ಬೂದಿಯೋ ಎಂದು ನೋಡುತ್ತಿರುತ್ತೇನೆ. ಇದರಿಂದ ಆಗಿರುವ ಫಜೀತಿ ಒಂದೆರಡಲ್ಲ. ಒಮ್ಮೆ ಬಣಕಲ್ ಕಡೆಯ ನೆಂಟರೊಬ್ಬರು ನನ್ನ ನೋಟವನ್ನು ತಪ್ಪಾಗಿ ತಿಳಿದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಹುಂಜವನ್ನು ಸಾರು ಮಾಡಿಸಿಯೇಬಿಟ್ಟರು. ಸಾರೇನೋ ಚೆನ್ನಾಗಿತ್ತು. ಆದರೆ ಗರಿಯನ್ನೆಲ್ಲ ಬಿಸಿನೀರಿನಲ್ಲಿ ಅದ್ದಿ ಕಿತ್ತು ತಿಪ್ಪೆಗೆ ಎಸೆದಿದ್ದರು. ಎಲೆಯ ಮುಂದೆ ಕುಳಿತ ನನ್ನ ಮುಖ ಕಂಡು ಆ ಮನೆಯಾಕೆ, "ಖಾರ ಜಾಸ್ತಿ ಆಯ್ತಾ?" ಎಂದು ಕೇಳಿದರು. ಏನೆಂದು ಹೇಳಲಿ? ನನಗೆ ಬೇಕಾಗಿದ್ದದ್ದು ಹುಂಜವಲ್ಲ, ಅದರ ಕತ್ತಿನ ನಾಲ್ಕು ಗರಿ. ಗರಿಯಿಂದ ನಾನು ಹುಳ ಮಾಡುತ್ತೇನೆ.

ಹುಳ ಎಂದರೆ ಮೀನಿಗೆ ತೋರಿಸುವ ಹುಳ. ತಿನ್ನಿಸುವುದಲ್ಲ, ಬರೀ ತೋರಿಸುವುದು. ಅಕ್ಕಿಕಾಳಿನಷ್ಟು ಸಣ್ಣ ಕೊಕ್ಕೆಯ ಕತ್ತಿಗೆ ಕೋವಿಯ ತೋಟಾ ಒಡೆದು ತೆಗೆದ ಸೀಸದ ಚರೆಯೊಂದನ್ನು ಸೀಳಿ ಕೂರಿಸಿ ಇಕ್ಕಳದಲ್ಲಿ ಒತ್ತಬೇಕು. ಅದು ಹುಳದ ತಲೆ. ಹಿಂದೆ ಗರಿಯ ಎಳೆ ನಾಲ್ಕೈದು, ಅದು ಬಾಲ. ನಡುವೆ ಮೇಣ ಸವರಿದ ನೂಲನ್ನು ಸುತ್ತುತ್ತ ಬಂದರೆ ಹೊಟ್ಟೆ. ಕೊನೆಗೆ ಬಿಚ್ಚದ ಹಾಗೆ ಒಂದು ಗಂಟು, ಗಂಟಿನ ಮೇಲೆ ಒಂದು ತೊಟ್ಟು ಹಲಸಿನ ಮೇಣ. ನೀರಿಗೆ ಬಿಟ್ಟು ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿ ಇಳಿಸಿದರೆ ಅದು ಎದ್ದು ಬಿದ್ದು ಕುಣಿಯುತ್ತದೆ. ಅಂಗೈಯಗಲದ ಗೆಂಡೆ ಮೀನುಗಳು, ಅಂದರೆ ಕಾವಲಿಯ ಮೇಲೆ ಒಂದೇ ಸಲಕ್ಕೆ ನಾಲ್ಕು ಹಿಡಿಸುವಂಥವು, ಈ ಕುಣಿತಕ್ಕೆ ಮರುಳಾಗಿ ಬಾಯಿ ಹಾಕುತ್ತವೆ. ಹಾಕಬೇಕು ಎಂಬುದು ನಂಬಿಕೆ.

ಈ ವಿದ್ಯೆ ನನಗೆ ಬಂದದ್ದು ನಮ್ಮ ಬಿಳಿಯ ದೊರೆಯಿಂದ. ನಾನು ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಪುಸ್ತಕ ಬರೆಯುವವನೆಂದು ತಿಳಿಯಬೇಡಿ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರಿಗೆ ಜ್ವರ ಎಂದು ಬರೆಯುವವನು. ಸಂಜೆ ದೊರೆಯ ರುಜು ಹಾಕಿಸಲು ಬಂಗಲೆಗೆ ಹೋಗುವುದು ನನ್ನ ಪಾಲಿನ ಕೆಲಸ. ಜರ್ಮನಿಯ ಮೇಲೆ ಯುದ್ಧ ಶುರುವಾಗಿ ಇಂಗ್ಲೆಂಡಿನಿಂದ ಬರುವ ಸಾಮಾನೆಲ್ಲ ನಿಂತ ಮೇಲೆ ದೊರೆ ತಮ್ಮ ಮೀನಿನ ಹುಳಗಳನ್ನು ತಾವೇ ಕಟ್ಟತೊಡಗಿದರು. ಅದಕ್ಕೆ ಅವರು 'ಜಿಗ್' ಎನ್ನುತ್ತಿದ್ದರು. ಅವರ ದೇಶದಲ್ಲಿ ಅದು ಒಂದು ಕುಣಿತದ ಹೆಸರೂ ಹೌದಂತೆ. ನಾನು ಮೊದಲ ಸಲ ಆ ಡಬ್ಬಿ ನೋಡಿದಾಗ ದೊರೆಸಾನಿಯ ಲೋಲಾಕುಗಳೆಂದು ತಿಳಿದು, ಮರ್ಯಾದೆಗೆ ಕಣ್ಣನ್ನು ಬೇರೆ ಕಡೆ ತಿರುಗಿಸಿದ್ದೆ. ಆಮೇಲೆ ದೊರೆ ನಕ್ಕು, ಕುರ್ಚಿ ತೋರಿಸಿ, ಕಟ್ಟುವುದನ್ನು ತೋರಿಸಿದರು. ಮೂರು ತಿಂಗಳು ನೋಡಿದೆ. ನಾಲ್ಕನೆಯ ತಿಂಗಳು ಅವರೇ ಒಂದು ಹಿಡಿ ಕೊಕ್ಕೆ ಕೊಟ್ಟು, ಇನ್ನು ನಿನ್ನ ಮನೆಯಲ್ಲಿ ಕಟ್ಟು ಎಂದರು.

ನಮ್ಮ ಭಾಷೆಯಲ್ಲಿ ಮನೆಯನ್ನೂ ಕಟ್ಟುತ್ತಾರೆ, ಹೂವನ್ನೂ ಕಟ್ಟುತ್ತಾರೆ, ಬುತ್ತಿಯನ್ನೂ ಕಟ್ಟುತ್ತಾರೆ, ಇಲ್ಲದ ಕಥೆಯನ್ನೂ ಕಟ್ಟುತ್ತಾರೆ. ಕಟ್ಟುವ ಕೆಲಸವೆಲ್ಲ ಒಂದೇ ಎಂದು ಹಿಂದಿನವರು ತೀರ್ಮಾನ ಮಾಡಿದ ಹಾಗಿದೆ. ನಾನು ಅದನ್ನು ನಂಬಿ ಕುಳಿತೆ. ತಾಳಿ ಕಟ್ಟಲು ನನಗೆ ಮೂರು ಗಂಟು ಸಾಕಾಗಿತ್ತು, ಅದೂ ಪುರೋಹಿತರು ಬೆರಳಿಟ್ಟು ತೋರಿಸಿದ ಕಡೆ. ಇಲ್ಲಿ ಮೂವತ್ತು ಸುತ್ತು. ಒಂದು ಸಡಿಲವಾದರೆ ಬಾಲ ಹೊಟ್ಟೆಗೆ ಬರುತ್ತದೆ, ಹೊಟ್ಟೆ ತಲೆಗೆ ಏರುತ್ತದೆ. ನನ್ನ ಮೊದಲ ಹುಳವನ್ನು ನನ್ನ ಹೆಂಡತಿ ಸೀತೆ ಬೆಳಕಿಗೆ ಹಿಡಿದು ನೋಡಿ, "ಇದೆಂಥದ್ರೀ, ಗಾಯಕ್ಕೆ ಕಟ್ಟಿದ ಪಟ್ಟಿ ಹಂಗಿದೆ" ಎಂದಳು. ದೊರೆಯ ಬಳಿ ಕೊಕ್ಕೆ ಹಿಡಿಯುವ ಪುಟ್ಟ ಯಂತ್ರವಿತ್ತು. ನನಗೆ ಎಲ್ಲಿಂದ ಬರಬೇಕು? ಕೊನೆಗೆ ಸೀತೆಯೇ ಉಪಾಯ ಹೇಳಿದಳು. ಅವಳು ಹೂ ಕಟ್ಟುವಾಗ ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ನಾನೂ ನೂಲನ್ನು ಹೆಬ್ಬೆರಳಿಗೆ ಸುತ್ತಿ, ಎಳೆದು ಬಿಗಿ ಮಾಡಿ, ಕೊಕ್ಕೆಯನ್ನೇ ತಿರುಗಿಸುತ್ತ ಹೋದೆ. ಕೆಲಸ ಕೂಡಿಬಂತು. ಆ ಭಂಗಿಯಲ್ಲಿ ನನ್ನನ್ನು ಕಂಡ ನಮ್ಮ ಮೇಸ್ತ್ರಿ, ರೈಟರಿಗೆ ಕಾಲಿನಲ್ಲಿ ಮುಳ್ಳು ಸೇರಿದೆ ಎಂದು ಕೂಲಿ ಲೈನಿನ ಮನೆಗಳಲ್ಲೆಲ್ಲ ಹೇಳಿಬಂದನಂತೆ.

ಇಷ್ಟಾದರೂ ಇದು ಒಂದು ಹುಚ್ಚಾಗಿಯೇ ಉಳಿಯುತ್ತಿತ್ತು, ನನ್ನ ಮಾವ ಇಲ್ಲದಿದ್ದರೆ.

ಮಾವ ಸುಬ್ಬೇಗೌಡರು ಕಳಸದಿಂದ ಎರಡು ಮೈಲಿ ಕೆಳಗೆ, ಭದ್ರಾ ಹೊಳೆಯ ದಂಡೆಯವರು. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಆದರೆ ಅವರ ನಿಜವಾದ ಜಮೀನು ಹೊಳೆ. ಯಾವ ಬಂಡೆಯ ಮಗ್ಗುಲಲ್ಲಿ ಯಾವ ಮೀನು ಯಾವ ಹೊತ್ತಿಗೆ ನಿಂತಿರುತ್ತದೆ ಎಂಬುದನ್ನು ತಮ್ಮ ಕೊಟ್ಟಿಗೆಯ ದನ ನಿಂತಿರುವ ಜಾಗ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದರೆ ಬೇರೆಯವರಿಗೆ. ನನ್ನ ಜೊತೆ ಅವರು ಎರಡು ವರ್ಷದಿಂದ ಮಾತಾಡುತ್ತಿರಲಿಲ್ಲ.

ತಪ್ಪು ನನ್ನದೇ. ಮದುವೆ ಮುಗಿದ ಮೇಲೆ ಬೀಗರೂಟದ ದಿನ ಅವರು ಎರಡು ಹಗಲು ಹೊಳೆಯಲ್ಲಿ ನಿಂತು ತಾವೇ ಹಿಡಿದ ಗೆಂಡೆ ಮೀನಿನ ಸಾರು ಬಡಿಸಿದ್ದರು. ಗೆಂಡೆಯಲ್ಲಿ ರುಚಿಯೆಷ್ಟೋ ಮುಳ್ಳೂ ಅಷ್ಟೇ. ಹೊಸ ಅಳಿಯ, ನಾಲ್ಕಕ್ಷರ ಇಂಗ್ಲಿಷ್ ಬಲ್ಲವನು, ನಾಲ್ಕು ಜನರ ಎದುರು ನಾಗರಿಕನಾಗಿ ಕಾಣಬೇಕೆಂಬ ಆಸೆ. "ಸಮುದ್ರದ ಮೀನಾದರೆ ಇಷ್ಟು ಮುಳ್ಳಿರೋದಿಲ್ಲ" ಎಂದುಬಿಟ್ಟೆ. ಘಟ್ಟದ ಕೆಳಗಿನಿಂದ ಬರುವ ಮೀನು ನಾನು ತಿಂದದ್ದೇ ಎರಡು ಸಲ. ಪಂಕ್ತಿಯಲ್ಲಿ ಒಂದು ಕ್ಷಣ ಯಾರೂ ಅನ್ನ ಕಲಸಲಿಲ್ಲ. ಮಾವ ಎದ್ದು ಹೋಗಿ ಮಜ್ಜಿಗೆ ಕಳಿಸಿದರು.

ಅಲ್ಲಿಂದ ಮುಂದೆ ಅವರು ನನಗೆ ಹೇಳಬೇಕಾದದ್ದನ್ನೆಲ್ಲ ಮನೆಯ ನಾಯಿಗೆ ಹೇಳತೊಡಗಿದರು. ನಾಯಿಯ ಹೆಸರು ಕರಿಯ. "ಕರಿಯಾ, ಅಳಿಯಂದ್ರಿಗೆ ಕಾಫಿ ಬೇಕೇನೋ ಕೇಳು." "ಕರಿಯಾ, ಬಸ್ಸಿಗೆ ಹೊತ್ತಾಯ್ತು ಅನ್ನು." ಕರಿಯ ನನ್ನ ಮುಖ ನೋಡುತ್ತಿತ್ತು. ನಾನೂ ವಿಧಿಯಿಲ್ಲದೆ, "ಬೇಡ, ಈಗಷ್ಟೇ ಕುಡಿದೆ" ಎಂದು ನಾಯಿಗೇ ಹೇಳುತ್ತಿದ್ದೆ. ಮರ್ಯಾದೆಗೆ ಒಂದಿಷ್ಟೂ ಕೊರತೆಯಿರಲಿಲ್ಲ. ಬಿಸಿನೀರು, ಎಣ್ಣೆ, ಹಾಸಿಗೆ ಎಲ್ಲ ಹೊತ್ತಿಗೆ ಸರಿಯಾಗಿ. ಮಾತು ಮಾತ್ರ ನಾಯಿಯ ಮುಖಾಂತರ. ಸೀತೆ ಇದನ್ನು ನಗುತ್ತಲೇ ನೋಡುತ್ತಿದ್ದಳು. ಆದರೆ ತವರಿನಿಂದ ಹೊರಡುವ ದಿನ ಅವಳ ನಗು ತೆಳುವಾಗಿರುತ್ತಿತ್ತು.

ಮದುವೆಯ ಮರುವರ್ಷ ಮೆಣಸು ಕುಯ್ಯುವಾಗ ಮಾವ ಏಣಿಯಿಂದ ಬಿದ್ದರು. ಜೀವಕ್ಕೆ ಏನೂ ಆಗಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಮಡಿಸಲಾರದ ಹಾಗೆ ಸೆಟೆದು ನಿಂತವು. ಮುಂದಿನ ಬೇಸಗೆಗೆ ಅತ್ತೆಮ್ಮ ಯಾರದೋ ಕೈಯಲ್ಲಿ ಬರೆಸಿ ಕಾಗದ ಹಾಕಿದರು: 'ನಿಮ್ಮ ಅಪ್ಪಯ್ಯ ಹೊಳೆಯ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಇಡೀ ದಿನ ಮನೆಯಲ್ಲಿ ಕುಳಿತು ಸಾರಿಗೆ ಉಪ್ಪು ಹೆಚ್ಚು, ಅಂಗಳದಲ್ಲಿ ಕಸ ಹೆಚ್ಚು ಅನ್ನುತ್ತಾರೆ. ಯುಗಾದಿಗೆ ಬಂದು ಹೋಗಿ.' ಸೀತೆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ನನ್ನ ತಂಬಾಕಿನ ಡಬ್ಬಿಯನ್ನು, ಅಂದರೆ ಹುಳಗಳ ಡಬ್ಬಿಯನ್ನು, ತಾನೇ ತಂದು ಟ್ರಂಕಿನಲ್ಲಿ ಬಟ್ಟೆಗಳ ಮೇಲಿಟ್ಟಳು. ನನಗೆ ಅರ್ಥವಾಯಿತು.

ಯುದ್ಧಕಾಲದ ಬಸ್ಸುಗಳೆಲ್ಲ ಪೆಟ್ರೋಲಿಲ್ಲದೆ ಇದ್ದಿಲು ತಿಂದು ಓಡುತ್ತಿದ್ದವು. ಏರು ಬಂದಾಗಲೆಲ್ಲ ನಾವು ಇಳಿದು ತಳ್ಳಬೇಕು. ಕೊಟ್ಟಿಗೆಹಾರದಿಂದ ಕಳಸಕ್ಕೆ ನಾವು ಬಸ್ಸನ್ನು ಕರೆದುಕೊಂಡು ಹೋದೆವೋ ಬಸ್ಸು ನಮ್ಮನ್ನು ಕರೆದುಕೊಂಡು ಹೋಯಿತೋ ಹೇಳುವುದು ಕಷ್ಟ. ಮುಖವೆಲ್ಲ ಮಸಿಯಾಗಿ ಮನೆ ಮುಟ್ಟಿದೆವು. ಮಾವ ಜಗಲಿಯಲ್ಲಿ ಕುಳಿತಿದ್ದರು. ಬಲಗೈ ಕಂಬಳಿಯ ಒಳಗಿತ್ತು.

ಹಬ್ಬದ ದಿನ ಊಟವಾದ ಮೇಲೆ ಸೀತೆ ಡಬ್ಬಿ ತಂದು ಜಗಲಿಯಲ್ಲಿ ತೆರೆದಳು. "ಅಪ್ಪಯ್ಯ, ಇವ್ರು ಮಾಡಿದ್ದು ನೋಡಿ." ಹನ್ನೆರಡು ಹುಳ. ಕೆಂಪು ರೇಷ್ಮೆ ನೂಲಿನ ಹೊಟ್ಟೆ, ಜೇನುಬಣ್ಣದ ಬಾಲ. ನನ್ನ ಕಣ್ಣಿಗೆ ಒಂದೊಂದೂ ಒಡವೆಯಂತಿತ್ತು. ಮಾವ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಾಯಿಯ ಕಡೆ ತಿರುಗಿದರು.

"ಕರಿಯಾ, ನಾವು ಮೀನಿಗೆ ಮೋಸ ಮಾಡ್ತಿದ್ವಿ, ಒಪ್ಕಂತೀನಿ. ಆದ್ರೂ ಸಾಯೋ ಮೊದ್ಲು ಅದ್ರ ಬಾಯಿಗೆ ಒಂದು ಎರೆಹುಳ ಆದ್ರೂ ಸಿಗ್ತಿತ್ತು. ಇವ್ರು ಅದನ್ನೂ ಕೊಡಾದಿಲ್ವಂತೆ ಮಾರಾಯ. ಬರೀ ನೂಲು! ಏನಂತಾರೆ ಇದಕ್ಕೆ? ರೈಟರ್ ಹುಳ?"

ಅತ್ತೆಮ್ಮ ಒಳಗೆ ಕಿಸಕ್ಕೆಂದರು. ಹೆಸರು ಅಲ್ಲೇ ನಿಂತಿತು.

ಮಾರನೆಯ ದಿನ ನಾನು ಹಟಕ್ಕೆ ಬಿದ್ದು ವಾಟೆ ಬಿದಿರಿನ ಕೋಲು ಹಿಡಿದು ಹೊಳೆಗೆ ಹೋದೆ. ಬೇಸಗೆಯ ಭದ್ರೆ ಕನ್ನಡಿಯ ಹಾಗೆ ತಿಳಿಯಾಗಿದ್ದಳು. ಮೀನುಗಳು ಎದುರಿಗೇ ಕಾಣುತ್ತಿದ್ದವು. ಹುಳ ಬಿಟ್ಟೆ, ಕುಣಿಸಿದೆ. ಗೆಂಡೆಗಳು ಬಂದವು. ಸುತ್ತ ನಿಂತವು. ಸಂತೆಯಲ್ಲಿ ಹೊಸ ಸೀರೆಯನ್ನು ನೋಡುವ ಹೆಂಗಸರಂತೆ ಮೂಸಿ, ಮುಟ್ಟಿ, ಒಂದೊಂದಾಗಿ ಹಿಂದಕ್ಕೆ ಹೋದವು. ಮಧ್ಯಾಹ್ನದವರೆಗೂ ಇದೇ. ಮೀನು ಕಾಣದಿದ್ದರೆ ಹೊಳೆಯಲ್ಲಿ ಮೀನೇ ಇಲ್ಲ ಎನ್ನಬಹುದಿತ್ತು. ಖಾಲಿ ಕೈಯಲ್ಲಿ ಅಂಗಳ ಹತ್ತಿದಾಗ ಮಾವ ನಾಯಿಗೂ ಏನೂ ಹೇಳಲಿಲ್ಲ. ಅದು ಇನ್ನೂ ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಎದ್ದಾಗ ಡಬ್ಬಿ ತೆರೆದೇ ಇತ್ತು. ಎಣಿಸಿದೆ: ಹನ್ನೊಂದು. ಜಗಲಿಯ ಮೂಲೆಯ ಹಳೆಯ ಗಾಳದ ಕೋಲೂ ಇರಲಿಲ್ಲ, ಮಾವನೂ ಇರಲಿಲ್ಲ. ಅತ್ತೆಮ್ಮ ಒಲೆಯ ಮುಂದೆ ಕುಳಿತು, "ನಾನೇನೂ ನೋಡ್ಲಿಲ್ಲಪ್ಪ" ಎಂದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಬಿಸಿಲು ಬಿದ್ದ ಹಾಗಿತ್ತು. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂದೆಯೂ ಹೋಗಬಾರದು ಎಂದು ಈ ಕಡೆ ಒಂದು ಕಟ್ಟಳೆಯಿದೆ. ಕಾಫಿ ಕುಡಿಯುವವರೆಗೂ ನಾನು ಆ ಕಟ್ಟಳೆ ಪಾಲಿಸಿದೆ.

ಹೊಳೆಯ ತಿರುವಿನಲ್ಲಿ, ದೊಡ್ಡ ಬಂಡೆಯ ಮೇಲೆ ಅವರು ನಿಂತಿದ್ದರು. ನಿಂತ ರೀತಿ ವಿಚಿತ್ರವಾಗಿತ್ತು. ಎಡಗೈಯಲ್ಲಿ ಕೋಲು ನೆಟ್ಟಗೆ ಮೇಲಕ್ಕೆ, ಬಲಗೈ ಬೆನ್ನ ಹಿಂದೆ. ಮೈ ಅರ್ಧ ತಿರುಗಿಸಿ ಅಲುಗಾಡದೆ ಇದ್ದರು. ಬಲಗೈ ಆಗದೆ ಎಡಗೈಯಲ್ಲಿ ಬೀಸಲು ಹೋಗಿ, ಹುಳ ನೀರಿನ ಬದಲು ಅವರ ಬೆನ್ನಿನ ಕಂಬಳಿಗೇ ಕಚ್ಚಿಕೊಂಡಿತ್ತು. ದಾರ ಕುತ್ತಿಗೆಯ ಸುತ್ತ ಒಂದು ಸುತ್ತು ಬಂದಿತ್ತು. ಸೆಟೆದ ಬೆರಳಿನಲ್ಲಿ ಬಿಡಿಸಲಾಗದೆ, ಎಳೆದರೆ ಕೊಕ್ಕೆ ಮೈಗೇ ಇಳಿದೀತೆಂದು, ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

ನಾನು ಹಿಂದಕ್ಕೆ ಸರಿದುಬಿಡೋಣವೇ ಎಂದುಕೊಂಡೆ. ಅಷ್ಟರಲ್ಲಿ ಒಣಗಿದ ಎಲೆ ಕಾಲಡಿ ಸದ್ದು ಮಾಡಿತು. ಅವರು ನನ್ನನ್ನು ನೋಡಿದರು. ಆಮೇಲೆ ಸುತ್ತಲೂ ನೋಡಿದರು. ಕರಿಯ ಅಲ್ಲಿ ಇರಲಿಲ್ಲ.

"ರೈಟ್ರೇ," ಎಂದರು. "ಬೆನ್ನಿಗೆ ಎಂತದೋ ಕಚ್ಕಂಡಿದೆ. ನೋಡಿ ಸ್ವಲ್ಪ."

ಎರಡು ವರ್ಷದ ಮೇಲೆ ಬಂದ ಮೊದಲ ಮಾತು. ನಾನು ಓಡಿಹೋಗಿ ದಾರ ಬಿಡಿಸಿದೆ. ಕೊಕ್ಕೆ ಉಣ್ಣೆಯಲ್ಲಿ ಆಳವಾಗಿ ಇಳಿದಿತ್ತು. ಬಿಡಿಸಲು ಕಂಬಳಿಯ ಒಂದು ಕುಚ್ಚನ್ನೇ ಕಿತ್ತುಕೊಳ್ಳಬೇಕಾಯಿತು. ಇಬ್ಬರೂ ಬಂಡೆಯ ಮೇಲೆ ಕುಳಿತೆವು. ನಗಬಾರದೆಂದು ನಾನು ಹೊಳೆಯನ್ನೇ ನೋಡುತ್ತಿದ್ದೆ. ಮೊದಲು ನಕ್ಕದ್ದು ಅವರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಐವತ್ತು ವರ್ಷ ಮೀನು ಹಿಡ್ದೆ. ಇವತ್ತು ನನ್ನೇ ಹಿಡ್ಕಂಡೆ ನೋಡಿ!"

ನಗು ನಿಂತ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟು ಹೇಳಿದರು: "ಮಳೆ ನಿಂತ ಮೇಲೆ ಒಂದಿನ ಬಂದಿದ್ದೆ. ಯಾರಿಗೂ ಹೇಳ್ಲಿಲ್ಲ. ಎರೆಹುಳ ಹಿಡಿಯಾಕೇ ಆಗ್ಲಿಲ್ಲ ಈ ಬೆರಳಲ್ಲಿ. ಎತ್ತಿದ್ರೆ ಜಾರ್ತದೆ, ಎತ್ತಿದ್ರೆ ಜಾರ್ತದೆ. ಹುಳದ ಕರಟ ಹೊಳೆಗೆ ಎಸ್ದು ಮನೆಗೆ ಹೋದೆ." ಕಂಬಳಿಯಿಂದ ಬಿಡಿಸಿದ ಹುಳದ ಕಡೆ ನೋಡಿ, "ನಿಮ್ದಕ್ಕೆ ಎರೆಹುಳ ಬೇಡ ಅಲ್ವಾ. ಅದಕ್ಕೇ ನೋಡಾಣ ಅಂತ ಬಂದೆ" ಎಂದರು.

"ನಿನ್ನೆ ಒಂದೂ ಕಚ್ಚಲಿಲ್ಲ ಮಾವಯ್ಯ" ಎಂದೆ.

"ಹೆಂಗೆ ಕಚ್ತದೆ?" ಅವರ ದನಿ ಒಮ್ಮೆಲೇ ಏರಿತು. ಕಳಸದ ಕಡೆಯ ಅತಿ ದೊಡ್ಡ ಮೀನುಗಾರ ಎರಡು ವರ್ಷ ಅದುಮಿಟ್ಟುಕೊಂಡ ಮಾತೆಲ್ಲ ಆಗ ಹೊರಗೆ ಬಂತು. "ಯಾವ ಹುಳ ಹಿಂಗೆ ಕೆಂಪು ಸೀರೆ ಉಟ್ಕಂಡು ಹೊಳೆಗೆ ಇಳೀತದೆ? ಇಲ್ಲಿ ಬನ್ನಿ." ನೀರಿಗೆ ಇಳಿದು ಎಡಗೈಯಲ್ಲಿ ಒಂದು ಕಲ್ಲನ್ನು ಮಗುಚಿದರು. ಕಲ್ಲಿನ ಅಡಿಯಲ್ಲಿ ಕಪ್ಪನೆಯ, ಬಡಕಲು ಹುಳಗಳು ಓಡಾಡುತ್ತಿದ್ದವು. "ಈ ತಿಂಗಳು ಅವು ತಿನ್ನಾದು ಇದನ್ನ. ಮಳೆ ಬಿದ್ದ ಮೇಲೆ ಬೇರೆ. ಹೊಟ್ಟೆ ಇಷ್ಟು ದಪ್ಪ ಇರ್ತದಾ? ನೀವು ಕಟ್ಟಿರದು ಬಸುರಿ ಹುಳ."

ನನ್ನ ಹನ್ನೆರಡು ಒಡವೆಗಳ ಗತಿ ಅಲ್ಲಿಗೆ ಮುಗಿಯಿತು. ಆದರೆ ಆ ಬೆಳಿಗ್ಗೆ ನನಗಿದ್ದ ಸಂತೋಷಕ್ಕೆ ಒಂದು ಡಬ್ಬಿ ಹುಳ ಏನು ದೊಡ್ಡದು? ಬಂಡೆಯ ಮೇಲೆ ಕುಳಿತು ಕೆಂಪು ರೇಷ್ಮೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಕೈಯಲ್ಲಿ ಕಂಬಳಿಯ ಕುಚ್ಚಿತ್ತು, ಕಪ್ಪು ಕುರಿಯ ಉಣ್ಣೆ. ಅದನ್ನು ಎಳೆ ಎಳೆಯಾಗಿ ಹೊಸೆದು ಹೆಬ್ಬೆರಳಿಗೆ ಸುತ್ತಿಕೊಂಡೆ. ಮಾವ ಬಗ್ಗಿ ನಿಂತು, "ಸಾಕು, ಇನ್ನೂ ತೆಳ್ಳಗೆ. ಬಾಲ ಮೋಟು ಮಾಡಿ. ಹಾಂ" ಎನ್ನುತ್ತಿದ್ದರು. ಮೂವತ್ತು ಸುತ್ತು ಬೇಡವಾಯಿತು. ಹನ್ನೆರಡಕ್ಕೇ ಹುಳ ಆಯಿತು. ನೋಡಲು ಕಸದಂತಿತ್ತು. ದೊರೆ ಕಂಡಿದ್ದರೆ ಕುರ್ಚಿ ವಾಪಸು ಕೇಳುತ್ತಿದ್ದರು.

ದಾರಕ್ಕೆ ಕಟ್ಟಿ ಕೋಲನ್ನು ಅವರ ಎಡಗೈಗೆ ಕೊಟ್ಟೆ. ಅವರು ಬೀಸಲಿಲ್ಲ. ಬಂಡೆಯ ಮಗ್ಗುಲಲ್ಲಿ, ನೀರು ಕಪ್ಪಾಗುವ ಕಡೆ ಸುಮ್ಮನೆ ಇಳಿಬಿಟ್ಟು ಒಂದು ಸಲ ಎತ್ತಿದರು. ಎರಡನೆಯ ಸಲ ಎತ್ತುವಷ್ಟರಲ್ಲಿ ಕೋಲಿನ ತುದಿ ನೀರಿಗೆ ತಾಗಿತು. ಅಂಗೈಯಗಲದ ಗೆಂಡೆ, ಬಿಸಿಲಿನಲ್ಲಿ ಹೊಸ ಬೆಳ್ಳಿಯಂತೆ ಹೊಳೆಯುತ್ತ ಮೇಲೆ ಬಂತು. ಅದನ್ನು ಬಿಡಿಸಲು ನಾನು ಕೈ ಚಾಚಿದೆ. "ಬೇಡ, ಇರಿ" ಎಂದರು. ಮೀನನ್ನು ಎದೆಗೆ ಒತ್ತಿಕೊಂಡು, ಸೆಟೆದ ಎರಡು ಬೆರಳುಗಳನ್ನೇ ಇಕ್ಕಳದ ಹಾಗೆ ಮಾಡಿ, ಎರಡು ಸಲ ಜಾರಿಸಿ, ಮೂರನೆಯ ಸಲಕ್ಕೆ ಕೊಕ್ಕೆ ಬಿಡಿಸಿದರು. ಅಂಗಿಯೆಲ್ಲ ಒದ್ದೆಯಾಗಿ ಮೀನಿನ ಹುರುಪೆ ಅಂಟಿತ್ತು. ಅವರ ಕಣ್ಣು ಒದ್ದೆಯಾಗಿತ್ತೋ ಹೊಳೆಯ ನೀರು ಸಿಡಿದಿತ್ತೋ ನಾನು ನೋಡಲು ಹೋಗಲಿಲ್ಲ.

ಒಂಬತ್ತು ಮೀನು ಹಿಡಿದೆವು. ಏಳು ಅವರದು, ಎರಡು ನನ್ನದು. ಮನೆ ಮುಟ್ಟುವವರೆಗೂ ಅವರು ಮಾತಾಡುತ್ತಲೇ ಇದ್ದರು. ಅಂಗಳದಲ್ಲಿ ಕರಿಯ ಓಡಿಬಂದು ಅಭ್ಯಾಸದಂತೆ ನಮ್ಮಿಬ್ಬರ ನಡುವೆ ಬಂದು ನಿಂತಿತು; ಯಾರೂ ಏನೂ ಹೇಳದಿದ್ದರಿಂದ ಬೇಸರಗೊಂಡು ನೆರಳಿಗೆ ಹೋಯಿತು. ಸೀತೆ ಬಾಗಿಲಲ್ಲಿ ನಿಂತು ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಮೀನು ಹುರಿದರು. "ಹೆಂಗಿದೆ?" ಎಂದು ಮಾವ ನೇರವಾಗಿ ನನ್ನನ್ನೇ ಕೇಳಿದರು. ಪಂಕ್ತಿಯಲ್ಲಿ ಎಲ್ಲರೂ ಕೈ ನಿಲ್ಲಿಸಿದರು. "ಮುಳ್ಳೇ ಇಲ್ಲ ಮಾವಯ್ಯ" ಎಂದೆ. ಹೇಳುವಾಗ ಗಂಟಲಿನಲ್ಲಿ ಒಂದು ಮುಳ್ಳು ನಿಂತಿತ್ತು. ಸೀತೆ ಏನೂ ಅರಿಯದವಳಂತೆ ಬಂದು ಎಲೆಗೆ ಒಂದು ದೊಡ್ಡ ಅನ್ನದ ಉಂಡೆ ಹಾಕಿ ಹೋದಳು. ನುಂಗಿದೆ.

ನಾಲ್ಕು ದಿನಕ್ಕೆಂದು ಹೋದವರು ಎಂಟು ದಿನ ಉಳಿದೆವು. ಹುಳದ ಬಣ್ಣ ಮಾವ ಹೇಳುವುದು, ನೂಲು ಸೀತೆ ಸುತ್ತುವುದು, ಗಂಟು ನಾನು ಹಾಕುವುದು ಎಂದಾಯಿತು. ಸೀತೆಯ ಕೈ ನನಗಿಂತ ಎಷ್ಟೋ ಸಣ್ಣ ಕೆಲಸದ ಕೈ. ಅದನ್ನು ಒಪ್ಪಿಕೊಳ್ಳಲು ನನಗೆ ಒಂದೇ ಸಂಜೆ ಸಾಕಾಯಿತು. ಗಂಡಸರಿಗೆ ಇದು ಕಡಿಮೆ ಹೊತ್ತೇ. ಮೋಸದ ವಿಷಯ ಏನಾಯಿತು ಮಾವಯ್ಯ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಯೋಚಿಸಿ ಹೇಳಿದರು: "ಎರೆಹುಳಕ್ಕೂ ಒಂದು ಜೀವ ಇದೆಯಲ್ಲ ರೈಟ್ರೇ. ಅದು ಉಳೀತು ಅನ್ಕಳಿ." ತಮಗೆ ಅನುಕೂಲವಾದ ದಿನ ಮನುಷ್ಯನಿಗೆ ಎಷ್ಟು ಬೇಗ ಜೀವದಯೆ ಬರುತ್ತದೆ ಎಂದುಕೊಂಡೆ. ಹೇಳಲಿಲ್ಲ. ಎರಡು ವರ್ಷದಲ್ಲಿ ನಾನೂ ಒಂದಿಷ್ಟು ಕಲಿತಿದ್ದೆ.

ಮುಂಗಾರು ಹಿಡಿದ ಮೇಲೆ, ಒಂದು ಬೆಳಿಗ್ಗೆ, ಟಪ್ಪಾಲಿನಲ್ಲಿ ಕಳಸದ ಮುದ್ರೆಯಿದ್ದ ಲಕೋಟೆ ಬಂತು. ವಿಳಾಸ ಯಾರದೋ ಬರಹ. ಮಾವ ಓದು ಬರಹ ಬಲ್ಲವರಲ್ಲ. ಒಡೆದೆ. ಒಳಗೆ ಕಾಗದವಿರಲಿಲ್ಲ. ಮಡಿಸಿದ ಬಾಳೆಯ ಒಣ ಎಲೆ, ಎಲೆಯ ನಡುವೆ ಚಪ್ಪಟೆಯಾಗಿ ಒಣಗಿದ ಒಂದು ಹುಳ. ಮಳೆ ಬಿದ್ದ ಮೇಲೆ ಹೊಳೆಯ ಮೇಲೆ ಹಾರುವ, ಈಗ ಗೆಂಡೆಗಳು ತಿನ್ನುವ ಜಾತಿಯದಿರಬೇಕು. ಕಂದು ಮೈ, ನಸುಹಸಿರು ರೆಕ್ಕೆ. ನಾನು ಹಾಜರಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಅದನ್ನು ಬಿಳಿಯ ಹಾಳೆಯ ಮೇಲಿಟ್ಟು ನೋಡುತ್ತ ಕುಳಿತೆ.

ಸೀತೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. "ಅಪ್ಪಯ್ಯಂದಾ? ಏನ್ ಬರೆಸಿದಾರೆ?"

"ಆರು ಕಾಲು, ನಾಲ್ಕು ರೆಕ್ಕೆ" ಎಂದೆ.

ಅವಳು ನನ್ನ ಭುಜದ ಮೇಲಿಂದ ಬಗ್ಗಿ ನಿಧಾನವಾಗಿ, ಅಕ್ಷರ ಓದುವವಳಂತೆ, ಹುಳವನ್ನು ತಲೆಯಿಂದ ಬಾಲದವರೆಗೆ ನೋಡಿದಳು.

"ಹಂಗಾರೆ ಅಲ್ಲೆಲ್ಲ ಕ್ಷೇಮ" ಎಂದಳು.